ಸುದ್ದಿಮನೆ ಬಿಟ್ಟು ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,



ನಿನ್ನ ಕಾಗದ ಓದಿದೆ. ಪತ್ರಿಕೆಗೆ ರಾಜೀನಾಮೆ ಕೊಟ್ಟು ಪಿ.ಆರ್. ಸಂಸ್ಥೆ ಸೇರುತ್ತಿದ್ದೀಯ. ಸಂಬಳ ಚೆನ್ನಾಗಿದೆ, ರಾತ್ರಿ ಪಾಳಿ ಇಲ್ಲ, ಮನೆಯ ಸಾಲ ತೀರಿಸಲು ಒಂದು ದಾರಿಯಾಗುತ್ತದೆ ಎಂದು ಬರೆದಿದ್ದೀಯ. ‘ಪೆನ್ನು ಮಾರಿಕೊಂಡೆ’ ಎಂದು ಜೊತೆಯವರು ಆಡಿದ ಮಾತು ಮಾತ್ರ ನಿನ್ನನ್ನು ಚುಚ್ಚುತ್ತಿದೆ.

ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮನೆಯ ಹೊಣೆ ಹೊತ್ತವಳು ಕೈತುಂಬ ಸಂಬಳದ ಕೆಲಸ ಹಿಡಿಯುವುದು ತಪ್ಪಲ್ಲ. ಪೆನ್ನು ಮಾರಿಕೊಳ್ಳಬೇಕೆಂದಿದ್ದರೆ ಸುದ್ದಿಮನೆಯಲ್ಲಿ ಕುಳಿತೇ ಮಾರಿಕೊಳ್ಳಬಹುದು. 2009ರ ಲೋಕಸಭಾ ಚುನಾವಣೆಯ ನಂತರ ಕಾಸಿಗಾಗಿ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯೇ ವಿಚಾರಣೆ ನಡೆಸಬೇಕಾಯಿತಲ್ಲ! ಯಾವ ಕುರ್ಚಿಯಲ್ಲಿ ಕುಳಿತೆ ಎನ್ನುವುದಕ್ಕಿಂತ ಕುಳಿತು ಏನು ಬರೆದೆ ಎನ್ನುವುದು ಮುಖ್ಯ.

ನೀನು ಹಿಡಿದಿರುವ ದಾರಿಯಲ್ಲಿ ಮೊದಲೇ ನಡೆದವನೊಬ್ಬನ ಕತೆ ಹೇಳುತ್ತೇನೆ. ಅಮೆರಿಕದ ಐವಿ ಲೀ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ವರದಿಗಾರನಾಗಿದ್ದು, ಆಮೇಲೆ ಈ ಕೆಲಸಕ್ಕೆ ಬಂದವನು. 1906ರಲ್ಲಿ ಕಲ್ಲಿದ್ದಲು ಗಣಿಗಳ ಮುಷ್ಕರ ನಡೆದಾಗ ಗಣಿ ಮಾಲೀಕರ ಪರ ಕೆಲಸ ಮಾಡುತ್ತ ಸಂಪಾದಕರಿಗೆಲ್ಲ ಒಂದು ಹೇಳಿಕೆ ಕಳುಹಿಸಿದ. ನಮ್ಮದು ಗುಟ್ಟಿನ ಕೆಲಸವಲ್ಲ, ಯಾರ ಪರ ಎಂಬುದನ್ನು ಮುಚ್ಚಿಡುವುದಿಲ್ಲ, ನಾವು ಕೊಡುವ ವಿವರವನ್ನು ನೀವೇ ಪರೀಕ್ಷಿಸಿಕೊಳ್ಳಿ ಎಂಬುದು ಅದರ ತಿರುಳು. ಅದೇ ವರ್ಷ ಅಟ್ಲಾಂಟಿಕ್ ಸಿಟಿಯ ಬಳಿ ರೈಲು ಸೇತುವೆಯಿಂದ ನೀರಿಗುರುಳಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಪಘಾತಗಳನ್ನು ಮುಚ್ಚಿಹಾಕುವುದೇ ರೈಲ್ವೆ ಕಂಪನಿಗಳ ರೂಢಿಯಾಗಿದ್ದ ಕಾಲವದು. ಲೀ ಈ ಅಪಘಾತದ ವಿವರವನ್ನು ರೈಲ್ವೆ ಕಂಪನಿಯ ಕಡೆಯಿಂದಲೇ ಪತ್ರಿಕೆಗಳಿಗೆ ಕೊಡಿಸಿದ. ಮೊದಲ ಪ್ರೆಸ್ ನೋಟ್ ಎಂದು ಹೆಸರಾದದ್ದು ಅದೇ.

ಅದೇ ಮನುಷ್ಯ ಎಂಟು ವರ್ಷಗಳ ನಂತರ ಎಡವಿದ. 1914ರಲ್ಲಿ ಕೊಲರಾಡೊದ ಲಡ್ಲೋನಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿದ್ದು ಹೆಂಗಸರು ಮಕ್ಕಳು ಸತ್ತರು. ಗಣಿಯ ಒಡೆತನ ರಾಕ್‌ಫೆಲರ್ ಮನೆತನದ ಕೈಯಲ್ಲಿತ್ತು. ಅವರ ಪರವಾಗಿ ಲೀ ಹೊರಡಿಸಿದ ಕರಪತ್ರಗಳಲ್ಲಿ ಕಾರ್ಮಿಕ ನಾಯಕರಿಗೆ ಸಂದಾಯವಾದ ಹಣದ ಲೆಕ್ಕವೇ ತಪ್ಪಿತ್ತು. ಗಣಿಯವರು ಕೊಟ್ಟ ಅಂಕಿಗಳನ್ನು ತಾನು ಪರೀಕ್ಷಿಸಲಿಲ್ಲ ಎಂದು ವಿಚಾರಣಾ ಆಯೋಗದ ಮುಂದೆ ಆತ ಒಪ್ಪಿಕೊಳ್ಳಬೇಕಾಯಿತು.

ನೋಡು ಮಗಳೇ, ಅವನು ಕೆಟ್ಟದ್ದು ಕೆಲಸ ಬದಲಿಸಿದ್ದರಿಂದಲ್ಲ, ವರದಿಗಾರನ ಅಭ್ಯಾಸ ಬಿಟ್ಟಿದ್ದರಿಂದ. ಕೇಳು, ಪರೀಕ್ಷಿಸು, ಆಮೇಲೆ ಬರೆ. ಇದನ್ನು ಸುದ್ದಿಮನೆಯಲ್ಲಿ ಬಿಟ್ಟು ಹೋಗಬೇಡ.

ಕಾರ್ಖಾನೆಯ ಕೊಳಕು ನೀರು ಕೆರೆಗೆ ಸೇರುತ್ತಿದೆ ಎಂದು ದೂರು ಬಂದರೆ, ‘ಎಲ್ಲ ಸರಿಯಿದೆ’ ಎಂಬ ಸ್ಪಷ್ಟನೆ ಬರೆಯುವ ಮುಂಚೆ ಕೆರೆಯ ದಂಡೆಗೆ ಹೋಗಿ ಬಾ. ಊರವರನ್ನು ಮಾತನಾಡಿಸು. ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಗದಪತ್ರ ತೋರಿಸಿ ಎಂದು ಮ್ಯಾನೇಜರರನ್ನು ಕೇಳು. ನಾಳೆ ವರದಿಗಾರರು ಕೇಳುವ ಕಷ್ಟದ ಪ್ರಶ್ನೆಯನ್ನು ಇವತ್ತು ನೀನೇ ಕೇಳಿದರೆ ಕಂಪನಿಗೂ ಒಳ್ಳೆಯದು, ಕೆರೆಗೂ ಒಳ್ಳೆಯದು.

ಡೆಸ್ಕಿನಲ್ಲಿದ್ದಾಗ ಎಷ್ಟೋ ಪ್ರೆಸ್ ನೋಟ್‌ಗಳನ್ನು ಕಸದ ಬುಟ್ಟಿಗೆ ಹಾಕಿದ್ದೀಯ. ಏಕೆ ಹಾಕಿದೆ ಎಂಬುದು ನೆನಪಿರಲಿ. ಯಾರು, ಏನು, ಎಲ್ಲಿ, ಯಾವಾಗ, ಎಷ್ಟು ಹಣ ಎಂಬುದು ಮೊದಲ ಪ್ಯಾರಾದಲ್ಲೇ ಬರಲಿ, ಎಂ.ಡಿ. ಸಾಹೇಬರ ಹೊಗಳಿಕೆ ಕೊನೆಗಿರಲಿ. ಇಂಗ್ಲಿಷ್ ನೋಟನ್ನು ಪದಕ್ಕೆ ಪದ ಇಳಿಸಿ ಕಳುಹಿಸುವ ಚಾಳಿ ನಿನಗೆ ಬೇಡ. ಚಿತ್ರದುರ್ಗದ ಓದುಗನಿಗೆ ಇದರಿಂದ ಏನಾಗಬೇಕು ಎಂದು ಯೋಚಿಸಿ ಹೊಸದಾಗಿ ಬರೆ. ಪುಟ ಕಟ್ಟುವ ಹೊತ್ತಿನಲ್ಲಿ ಫೋನ್ ಮಾಡಿ ‘ನೋಟ್ ತಲುಪಿತೇ?’ ಎಂದು ಕಾಡಬೇಡ.

ಹಳೆಯ ಗೆಳೆಯರಿಗೆ ಹೇಳಿ ಸುದ್ದಿ ನಿಲ್ಲಿಸು ಎಂದು ಒಂದು ದಿನ ನಿನಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡ. ವರದಿಯಲ್ಲಿ ತಪ್ಪಿದ್ದರೆ ದಾಖಲೆ ತೋರಿಸಿ ತಿದ್ದಿಸು. ಸರಿಯಿದ್ದರೆ ಸುಮ್ಮನಿರು. ಗೆಳೆತನಕ್ಕಾಗಿ ಸುದ್ದಿ ಮೊದಲೇ ಬಿಟ್ಟುಕೊಡುವುದೂ ಬೇಡ. ಷೇರುಪೇಟೆಯಲ್ಲಿರುವ ಕಂಪನಿ ಮಹತ್ವದ ವಿಷಯವನ್ನು ಮೊದಲು ಷೇರು ವಿನಿಮಯ ಕೇಂದ್ರಕ್ಕೇ ತಿಳಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ನಿಯಮ ಹೇಳುತ್ತದೆ. ಹೇಳಬಾರದ್ದನ್ನು ಕೇಳಿದರೆ ‘ಈಗ ಹೇಳಲಾರೆ’ ಎನ್ನು. ಗೊತ್ತಿದ್ದೂ ‘ಗೊತ್ತಿಲ್ಲ’ ಎನ್ನಬೇಡ. ಮೊದಲನೆಯದು ನಿನ್ನ ಕೆಲಸದ ಮಿತಿ, ಎರಡನೆಯದು ಸುಳ್ಳು.

ಸುಳ್ಳು ಬರೆಯಲೇಬೇಕು ಎಂದು ಒತ್ತಾಯಿಸಿದರೆ ಆ ಕೆಲಸ ಬಿಟ್ಟು ಬಾ. ಮನೆಯ ಬಾಗಿಲು ತೆರೆದಿರುತ್ತದೆ. ಬರೆಯಬಲ್ಲವಳಿಗೆ ಇನ್ನೊಂದು ಕೆಲಸವೂ ಸಿಗುತ್ತದೆ.

ಧೈರ್ಯವಾಗಿ ಹೋಗು. ನಿನ್ನ ಹೆಸರಿನಲ್ಲಿ ಬಂದ ನೋಟನ್ನು ಡೆಸ್ಕಿನವರು ಕಣ್ಣುಮುಚ್ಚಿ ನಂಬುವಂತಾಗಲಿ. ಆಗಲೂ ‘ಒಮ್ಮೆ ಪರೀಕ್ಷಿಸಿಕೊಳ್ಳಿ’ ಎಂದೇ ಅವರಿಗೆ ಹೇಳು.

ಇಂತಿ ನಿನ್ನ,
ದೊಡ್ಡಪ್ಪ