ಮೂಲ ಡಿಸ್ಕ್ ಇಲ್ಲದ ಹಳೆಯ ಗಣಕಯಂತ್ರಕ್ಕೆ ಕಾರ್ಯಾಚರಣಾ ವ್ಯವಸ್ಥೆಯ ಮರುಸ್ಥಾಪನೆ
(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರ ಕೆಟ್ಟು ನಿಂತರೆ ಅದರ ಬಿಸಿ ಮೊದಲು ತಟ್ಟುವುದು ನಾಗರಿಕರಿಗೆ. ಇ-ಸ್ವತ್ತು ತಂತ್ರಾಂಶದ ನಮೂನೆ 9 ಅಥವಾ 11ಕ್ಕಾಗಿ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಯಂತ್ರವನ್ನು ಅವಸರದಲ್ಲಿ ದುರಸ್ತಿಗೆ ಒಯ್ದಾಗ ಇದಕ್ಕಿಂತ ದೊಡ್ಡ ನಷ್ಟವೂ ಸಂಭವಿಸಬಹುದು. ಹಲವು ವರ್ಷಗಳ ಕಡತಗಳು ಒಂದು ಗಂಟೆಯೊಳಗೆ ಅಳಿಸಿಹೋಗಬಹುದು.

ಕುಂಬಳಗೋಡು, ರಾಮೋಹಳ್ಳಿ, ಸೂಲಿಕೆರೆ ಕಡೆಯ ಊರುಗಳಿಗೆ ಹತ್ತಿರದ ಪೇಟೆ ಕೆಂಗೇರಿ ಮತ್ತು ಕೆಂಗೇರಿ ಉಪನಗರ. ಅಲ್ಲಿ ಆಗದ ಕೆಲಸಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯ ಗಣಕಯಂತ್ರ ಮಾರುಕಟ್ಟೆ ಇದೆ. ದುರಸ್ತಿಗಾರರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: “ಒರಿಜಿನಲ್ ಸಿ.ಡಿ. ಇದೆಯೇ? ಫಾರ್ಮ್ಯಾಟ್ ಮಾಡಬಹುದೇ?” ಮೊದಲ ಪ್ರಶ್ನೆಗೆ “ಇಲ್ಲ” ಎಂಬ ಉತ್ತರದಿಂದ ಹಾನಿಯಿಲ್ಲ. ಎರಡನೆಯದಕ್ಕೆ ಯೋಚಿಸದೆ “ಮಾಡಿ” ಎಂದರೆ ಹಾನಿಯಿದೆ. ಮರುಸ್ಥಾಪನೆಯ ಕೆಲಸವನ್ನು ಸದಸ್ಯರು ಸ್ವತಃ ಮಾಡಬೇಕಾಗಿಲ್ಲ. ಆದರೆ ಅದಕ್ಕೆ ಒಪ್ಪಿಗೆ ಕೊಡುವ ಮುನ್ನ ಏನನ್ನು ವಿಚಾರಿಸಬೇಕೆಂಬುದನ್ನು ಅವರು ತಿಳಿದಿರಬೇಕು.

1. ಮರುಸ್ಥಾಪನೆ ಅಗತ್ಯವೇ?

ಯಂತ್ರ ನಿಧಾನವಾದ ಮಾತ್ರಕ್ಕೆ ಕಾರ್ಯಾಚರಣಾ ವ್ಯವಸ್ಥೆ ಕೆಟ್ಟಿದೆ ಎನ್ನಲಾಗದು. ಹಾರ್ಡ್ ಡಿಸ್ಕ್ ಸವೆದಿರಬಹುದು, ರ್‍ಯಾಮ್ ಸಾಲದಿರಬಹುದು, ಫ್ಯಾನಿನಲ್ಲಿ ಧೂಳು ಕಟ್ಟಿ ಯಂತ್ರ ಕಾದಿರಬಹುದು. ಪ್ರತಿ ಬಾರಿ ಯಂತ್ರ ಚಾಲೂ ಮಾಡಿದಾಗ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದರ್ಥ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳು ತೆರೆದುಕೊಳ್ಳುವುದಿಲ್ಲ, ಡಿಜಿಟಲ್ ಸಹಿಯೂ ತಿರಸ್ಕೃತವಾಗಬಹುದು. ಅಂಥ ಯಂತ್ರಕ್ಕೆ ಒಂದು ಅಗ್ಗದ ಬ್ಯಾಟರಿ ಸಾಕು, ಫಾರ್ಮ್ಯಾಟ್ ಬೇಕಿಲ್ಲ. ಡಿಸ್ಕೇ ಸವೆದಿದ್ದರೆ ಅದರ ಮೇಲೆ ಮರುಸ್ಥಾಪನೆ ಮಾಡುವುದು ವ್ಯರ್ಥ. ಆಗ ಕಡತಗಳನ್ನು ಉಳಿಸಿಕೊಂಡು ಡಿಸ್ಕನ್ನೇ ಬದಲಿಸಬೇಕು.

2. ಮೊದಲು ಕಡತಗಳ ರಕ್ಷಣೆ

“ಎಲ್ಲವೂ ಸರ್ವರ್‌ನಲ್ಲಿದೆ” ಎಂಬ ಮಾತು ಅರ್ಧ ಸತ್ಯ. ಪಂಚತಂತ್ರ ಮತ್ತು ಇ-ಸ್ವತ್ತು ತಂತ್ರಾಂಶಗಳಲ್ಲಿ ನಮೂದಿಸಿದ ದತ್ತಾಂಶ ಸರ್ವರ್‌ನಲ್ಲಿರುತ್ತದೆ. ಸಭಾ ನಡವಳಿಯ ಕರಡು, ಸ್ಕ್ಯಾನ್ ಮಾಡಿದ ಅರ್ಜಿ, ಕಾಮಗಾರಿಯ ಛಾಯಾಚಿತ್ರ, ಎಕ್ಸೆಲ್‌ನಲ್ಲಿ ಬರೆದಿಟ್ಟ ಬೇಡಿಕೆ ಪಟ್ಟಿ ಇವೆಲ್ಲ ಸಾಮಾನ್ಯವಾಗಿ ಕಚೇರಿಯ ಯಂತ್ರದಲ್ಲಿಯೇ ಉಳಿದಿರುತ್ತವೆ.

“ಸಿ ಡ್ರೈವ್ ಮಾತ್ರ ಅಳಿಸುತ್ತೇವೆ, ಡಿ ಡ್ರೈವ್ ಹಾಗೆಯೇ ಇರುತ್ತದೆ” ಎಂಬ ಭರವಸೆಯನ್ನೂ ಪರಿಶೀಲಿಸಬೇಕು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಂಬ ಸ್ಥಳಗಳು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿಯೇ ಇರುತ್ತವೆ. ಪರದೆಯ ಮೇಲೆ ಕಣ್ಣೆದುರು ಇಟ್ಟ ಕಡತವೇ ಮೊದಲು ಅಳಿಯುತ್ತದೆ.

ಯಂತ್ರ ತೆರೆದುಕೊಳ್ಳದಿದ್ದರೂ ಡಿಸ್ಕ್ ಸರಿಯಿದ್ದರೆ ಕಡತಗಳನ್ನು ತೆಗೆಯಬಹುದು. ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್‌ನಿಂದ ಯಂತ್ರವನ್ನು ಆರಂಭಿಸಿ, ಡಿಸ್ಕಿನಲ್ಲಿ ಏನನ್ನೂ ಬದಲಿಸದೆ, ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ನಕಲು ಮುಗಿದ ಮೇಲೆ ಕೆಲವು ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ನಕಲನ್ನು ನಂಬಲಾಗದು.

3. ಡಿಸ್ಕ್ ಇಲ್ಲವೆಂದರೆ ಪರವಾನಗಿ ಇಲ್ಲವೆಂದಲ್ಲ

ಮೂಲ ಡಿಸ್ಕ್ ತಂತ್ರಾಂಶವನ್ನು ಒಯ್ಯುವ ಸಾಧನ ಮಾತ್ರ. ಬಳಸುವ ಹಕ್ಕು ಪರವಾನಗಿಯಲ್ಲಿದೆ. ವಿಂಡೋಸ್ 7ರ ಕಾಲದ ಬ್ರ್ಯಾಂಡೆಡ್ ಯಂತ್ರಗಳಲ್ಲಿ 25 ಅಕ್ಷರ-ಅಂಕಿಗಳ ಕೀಲಿಯನ್ನು ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಮುದ್ರಿಸಿರುತ್ತಿದ್ದರು. ಅಕ್ಷರಗಳು ಮಾಸುವ ಮುನ್ನ ಅದರ ಚಿತ್ರ ತೆಗೆದಿಡುವುದು ಲೇಸು. ವಿಂಡೋಸ್ 8 ಮತ್ತು ಅನಂತರದ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲಿಯೇ ಅಡಕವಾಗಿರುತ್ತದೆ. ಅದೇ ಆವೃತ್ತಿಯನ್ನು ಮರುಸ್ಥಾಪಿಸಿದರೆ ಅದು ತಾನಾಗಿಯೇ ಗುರುತಿಸಲ್ಪಡುತ್ತದೆ.

ಹಲವು ಯಂತ್ರಗಳೊಂದಿಗೆ ಡಿಸ್ಕನ್ನು ಕೊಟ್ಟಿರಲೇ ಇಲ್ಲ. ಬದಲಿಗೆ ತಯಾರಕರು ಹಾರ್ಡ್ ಡಿಸ್ಕಿನಲ್ಲಿಯೇ ರಿಕವರಿ ಎಂಬ ಗುಪ್ತ ಭಾಗವನ್ನು ಇಟ್ಟಿರುತ್ತಾರೆ. ಇಡೀ ಡಿಸ್ಕನ್ನು ಅಳಿಸಿದರೆ ಆ ಭಾಗವೂ ಹೋಗುತ್ತದೆ. ಅದು ಇಲ್ಲದಿದ್ದಲ್ಲಿ ಮೈಕ್ರೋಸಾಫ್ಟ್‌ನ ಅಧಿಕೃತ ಜಾಲತಾಣದಿಂದ ವಿಂಡೋಸ್ 10 ಅಥವಾ 11ರ ಸ್ಥಾಪನಾ ಪೆನ್‌ಡ್ರೈವ್ ಸಿದ್ಧಪಡಿಸಬಹುದು. ಅದಕ್ಕೆ ಕನಿಷ್ಠ 8 ಜಿ.ಬಿ. ಪೆನ್‌ಡ್ರೈವ್ ಬೇಕು. ಅದರಲ್ಲಿದ್ದುದೆಲ್ಲ ಅಳಿಯುವುದರಿಂದ ಖಾಲಿ ಪೆನ್‌ಡ್ರೈವನ್ನೇ ಬಳಸಬೇಕು.

ಪರವಾನಗಿ ಇಲ್ಲದ ಪ್ರತಿಯನ್ನು “ಕ್ರ್ಯಾಕ್” ಮೂಲಕ ನಡೆಸುವುದಕ್ಕೆ ಪಂಚಾಯಿತಿ ಒಪ್ಪಬಾರದು. ಉಲ್ಲಂಘನೆಯ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವುದು ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕರಣ 63-ಬಿ ಅಡಿ ಶಿಕ್ಷಾರ್ಹ. ಇದಲ್ಲದೆ, ಕ್ರ್ಯಾಕ್ ಸಾಧನಗಳು ಆಂಟಿವೈರಸ್ ನಿಲ್ಲಿಸುವಂತೆ ಕೇಳುತ್ತವೆ. ಜನರ ಆಧಾರ್ ಪ್ರತಿಗಳಿರುವ ಯಂತ್ರಕ್ಕೆ ಇದು ಬೇಲಿ ತೆಗೆದು ದನ ಬಿಟ್ಟಂತೆ.

4. ಯಾವ ವ್ಯವಸ್ಥೆ?

ಬೆಂಬಲ ಮುಗಿದ ವ್ಯವಸ್ಥೆಗೆ ಹೊಸ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ಸಾಮಾನ್ಯ ಬೆಂಬಲವು ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯ, 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಸಂಗ್ರಹ ಮತ್ತು ಮಾನ್ಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಹಳೆಯ ಯಂತ್ರಗಳು ಬಹುತೇಕ ಈ ಮಿತಿಯನ್ನು ದಾಟಲಾರವು.

ಅಂಥ ಯಂತ್ರಕ್ಕೆ ಲಿನಕ್ಸ್ ಆಧಾರಿತ ಮುಕ್ತ ವ್ಯವಸ್ಥೆ ಒಂದು ದಾರಿ. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿ.ಬಿ. ರ್‍ಯಾಮ್ ಸಾಕು, 4 ಜಿ.ಬಿ. ಇದ್ದರೆ ಉತ್ತಮ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ವ್ಯವಸ್ಥೆಯಲ್ಲಿ ಕನ್ನಡವೂ ಇದೆ. ಕೇರಳದ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣ ಮುಕ್ತ ತಂತ್ರಾಂಶದಲ್ಲಿ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಆದರೆ ಡಿಜಿಟಲ್ ಸಹಿ, ಬಯೋಮೆಟ್ರಿಕ್ ಸಾಧನ, ಸ್ಕ್ಯಾನರ್ ಇವು ಲಿನಕ್ಸ್‌ನಲ್ಲಿ ನಡೆಯುತ್ತವೆಯೇ ಎಂದು ಪೆನ್‌ಡ್ರೈವ್‌ನಿಂದಲೇ ಮೊದಲು ಪರೀಕ್ಷಿಸಬೇಕು. ನಡೆಯದಿದ್ದರೆ ಸಹಿಯ ಕೆಲಸಕ್ಕೆ ಬೆಂಬಲವಿರುವ ವಿಂಡೋಸ್ ಯಂತ್ರವನ್ನು ಮೀಸಲಿಟ್ಟು, ಹಳೆಯದನ್ನು ಪತ್ರ ತಯಾರಿಕೆ ಮತ್ತು ಗ್ರಂಥಾಲಯದ ಓದಿಗೆ ಕೊಡಬಹುದು.

5. ಸ್ಥಾಪನೆಯ ಕ್ರಮ

(ಅ) ಜಾಲ ಸಂಪರ್ಕದ ಡ್ರೈವರನ್ನು ಬೇರೆ ಯಂತ್ರದಲ್ಲಿ ಮೊದಲೇ ಇಳಿಸಿಕೊಳ್ಳಬೇಕು. ಅದಿಲ್ಲದೆ ಅಂತರಜಾಲವಿಲ್ಲ, ಅಂತರಜಾಲವಿಲ್ಲದೆ ಉಳಿದ ಡ್ರೈವರ್‌ಗಳು ಸಿಗುವುದಿಲ್ಲ.
(ಆ) ಯು.ಪಿ.ಎಸ್. ಸರಿಯಿದೆಯೇ ನೋಡಿ, ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಬೇಕು.
(ಇ) ಯಾವ ಭಾಗವನ್ನು ಅಳಿಸಬೇಕೆಂದು ಕೇಳುವ ಹಂತದಲ್ಲಿ ಪಂಚಾಯಿತಿಯ ಸಿಬ್ಬಂದಿಯೊಬ್ಬರು ಎದುರಿಗಿರಬೇಕು.
(ಈ) ಸ್ಥಾಪನೆಯ ಬಳಿಕ ಮುದ್ರಣಯಂತ್ರ, ಸ್ಕ್ಯಾನರ್, ಡಿಜಿಟಲ್ ಸಹಿ ಟೋಕನ್‌ಗಳ ಡ್ರೈವರ್ ಹಾಕಿ ಪರೀಕ್ಷಿಸಬೇಕು.

ಸಹಿಯ ಕೀಲಿ ಟೋಕನ್ನಿನೊಳಗೆ ಇರುವುದರಿಂದ ಯಂತ್ರದ ಮರುಸ್ಥಾಪನೆಯಿಂದ ಅದು ಅಳಿಯದು. ಟೋಕನ್ನನ್ನೇ ಇನಿಷಿಯಲೈಸ್ ಮಾಡಿದರೆ ಅಳಿಯುತ್ತದೆ, ಪಾಸ್‌ವರ್ಡನ್ನು ಮತ್ತೆ ಮತ್ತೆ ತಪ್ಪಾಗಿ ಒತ್ತಿದರೆ ಟೋಕನ್ ಬಂದ್ ಆಗುತ್ತದೆ. ಆದ್ದರಿಂದ ಪಂಚಾಯತ್ ಅಭಿವೃದ್ಧಿ ಅಧಿಕಾರಿಯ ಟೋಕನ್ ಅಂಗಡಿಗೆ ಹೋಗಕೂಡದು. ಆ ಪರೀಕ್ಷೆಯನ್ನು ಅಧಿಕಾರಿಯೇ ಕಚೇರಿಯಲ್ಲಿ ಮಾಡಬೇಕು.

6. ಕನ್ನಡದ ಕಡತಗಳು

ಮರುಸ್ಥಾಪನೆಯ ನಂತರ ಹಳೆಯ ನಡವಳಿಯನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಬಹುದು. ಕಡತ ಕೆಟ್ಟಿದೆಯೆಂದು ಅದನ್ನು ಅಳಿಸಬಾರದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಹೀಗೆಯೇ ಕಾಣುತ್ತವೆ. ನುಡಿಯನ್ನು ಮತ್ತೆ ಹಾಕಿದರೆ ಅಕ್ಷರಗಳು ಮರಳುತ್ತವೆ. ಅದೇ ವೇಳೆ ಮುಖ್ಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಮೂಲದೊಡನೆ ತಾಳೆ ನೋಡಿ ಇಟ್ಟರೆ ಮುಂದೆ ಯಾವ ಯಂತ್ರದಲ್ಲಾದರೂ ಓದಬಹುದು.

7. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

• ಕಡತಗಳ ನಕಲು ಎಲ್ಲಿದೆ? ಅದನ್ನು ತೆರೆದು ನೋಡಿದವರು ಯಾರು?
• ಪರವಾನಗಿಯ ಕೀಲಿಯನ್ನು ದಾಸ್ತಾನು ವಹಿಯಲ್ಲಿ ಬರೆದಿಡಲಾಗಿದೆಯೇ?
• ದುರಸ್ತಿಯ ಬಿಲ್ಲಿನಲ್ಲಿ ಯಾವ ತಂತ್ರಾಂಶ, ಯಾವ ಆವೃತ್ತಿ ಎಂಬುದು ನಮೂದಾಗಿದೆಯೇ?
• ಡಿಸ್ಕ್ ಬದಲಿಸಿದ್ದರೆ ಹಳೆಯ ಡಿಸ್ಕ್ ಕಚೇರಿಗೆ ಮರಳಿದೆಯೇ? ಅದರಲ್ಲಿ ನಾಗರಿಕರ ದಾಖಲೆಗಳಿರುವುದರಿಂದ ಅಂಗಡಿಯಲ್ಲಿ ಬಿಡಬಾರದು.
• ಯಂತ್ರ ದುರಸ್ತಿಯಲ್ಲಿರುವ ದಿನಗಳಲ್ಲಿ ಅರ್ಜಿದಾರರಿಗೆ ಏನು ವ್ಯವಸ್ಥೆ? ಅರ್ಜಿಯನ್ನು ಕೈಬರಹದಲ್ಲಿಯೇ ಪಡೆದು ಸ್ವೀಕೃತಿ ನೀಡಲಾಗುತ್ತಿದೆಯೇ?

ಈ ಪ್ರಶ್ನೆಗಳಿಗೆ ದೊರೆತ ಉತ್ತರವನ್ನು ನಡವಳಿಯಲ್ಲಿ ದಾಖಲಿಸಿದರೆ, ಮುಂದಿನ ಬಾರಿ ಯಂತ್ರ ಕೆಟ್ಟಾಗ ಹೊಸ ಸದಸ್ಯರಿಗೂ ಹೊಸ ಸಿಬ್ಬಂದಿಗೂ ಅದು ಮಾರ್ಗದರ್ಶಿಯಾಗುತ್ತದೆ.