ರಾಸ್ಪ್‌ಬೆರಿ ಪೈ ನಿಧಾನವಾದರೆ ಎಲ್ಲಿ ನೋಡಬೇಕು?



ನಮ್ಮ ಶಾಲೆಯ ಅಂಗೈ ಅಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 3 ಬಿ. ಇದು 2016ರಲ್ಲಿ ಬಂದ ಮಾದರಿ. ಇದರ ಪ್ರೊಸೆಸರಿನ ಪೂರ್ಣ ವೇಗ 1200 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 120 ಕೋಟಿ ಮಿಡಿತ. ಕೆಲಸವಿಲ್ಲದಾಗ ಅದು ತಾನೇ 600ಕ್ಕೆ ಇಳಿಯುತ್ತೆ. ಇದು ರೋಗವಲ್ಲ. ಬರಿಗಾಡಿ ಎಳೆಯೋ ಎತ್ತು ಯಾಕೆ ಏದುಸಿರು ಬಿಡಬೇಕು? ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂದು ನಿರ್ಧರಿಸುವ ಲಿನಕ್ಸಿನ ಭಾಗಕ್ಕೆ ಗವರ್ನರ್ ಎಂದು ಹೆಸರು. (ರಾಜ್ಯಪಾಲರಲ್ಲ!)

ಆದ್ದರಿಂದ ಕೆಲಸ ಕೊಟ್ಟೇ ವೇಗ ನೋಡಬೇಕು. ಪೈಥಾನ್‌ನಲ್ಲಿ ನಿಲ್ಲದ ಲೂಪ್ ಒಂದನ್ನು ಓಡಲು ಬಿಟ್ಟೆ. 'ಸ್ಕೇಲಿಂಗ್ ಕರ್ ಫ್ರೀಕ್' ಎಂಬ ಫೈಲು 1200000 ಕಿಲೋಹರ್ಟ್ಸ್ ಅಂತು. 'ವಿಸಿಜೆನ್‌ಸಿಎಂಡಿ ಮೆಷರ್ ಕ್ಲಾಕ್ ಆರ್ಮ್' ಎಂಬ ಆಜ್ಞೆ ಮಾತ್ರ ಸುಮಾರು 60 ಕೋಟಿ ಹರ್ಟ್ಸ್, ಅಂದ್ರೆ 600 ಮೆಗಾಹರ್ಟ್ಸ್ ತೋರಿಸಿತು. ಯಾವುದು ನಿಜ? ಎರಡನೆಯದು. ಮೊದಲನೆಯದು ಲಿನಕ್ಸ್ ಕೇಳಿದ ವೇಗ, ಎರಡನೆಯದು ಸಿಕ್ಕ ವೇಗ. ನಡುವೆ ಬೋರ್ಡಿನ ಫರ್ಮ್‌ವೇರ್ ಕೂತಿದೆ. ವೋಲ್ಟೇಜ್ ಸಾಲದಿದ್ದರೆ, ಬಿಸಿ ಹೆಚ್ಚಾದರೆ ಅದು ಯಾರ ಮಾತೂ ಕೇಳಲ್ಲ. ಗವರ್ನರನ್ನು 'ಪರ್ಫಾರ್ಮೆನ್ಸ್'ಗೆ ಬದಲಾಯಿಸಿ ಅಂತ ಹಲವರು ಹೇಳ್ತಾರೆ. ಆಗ ಅದರಿಂದ ಏನೂ ಪ್ರಯೋಜನವಿಲ್ಲ.

ಕಾರಣ ಕೇಳಲು 'ವಿಸಿಜೆನ್‌ಸಿಎಂಡಿ ಗೆಟ್ ಥ್ರಾಟಲ್ಡ್' ಎಂದು ಟೈಪ್ ಮಾಡಬೇಕು. ಬಂದ ಉತ್ತರ 0ಎಕ್ಸ್50005. ಬಲತುದಿಯ 5 ಅಂದ್ರೆ 4 ಮತ್ತು 1. ಈ 1ರ ಅರ್ಥ ಈಗ ವೋಲ್ಟೇಜ್ ಕಡಿಮೆ. 4ರ ಅರ್ಥ ಈಗ ವೇಗ ತಗ್ಗಿಸಲಾಗಿದೆ. ಎಡಗಡೆಯ 5, ಆನ್ ಮಾಡಿದ ಮೇಲೆ ಹಾಗಾಗಿತ್ತು ಎಂಬ ನೆನಪು. ಬಿಸಿಯೊಂದೇ ಕಾರಣವಾಗಿದ್ದರೆ 1 ಇರುತ್ತಿರಲಿಲ್ಲ, ಉಷ್ಣತೆಯೂ 80 ಡಿಗ್ರಿ ದಾಟಿರುತ್ತಿತ್ತು. ನಮ್ಮದು ಬರೀ 52.

ಲೋ ವೋಲ್ಟೇಜಲ್ಲಿ ಪಂಪ್‌ಸೆಟ್ ನರಳೋದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಪೈಗೆ 5 ವೋಲ್ಟ್ ಬೇಕು, ಸುಮಾರು 4.63ಕ್ಕಿಂತ ಇಳಿದರೆ ಎಚ್ಚರಿಕೆ ಕೊಟ್ಟು ವೇಗ ತಗ್ಗಿಸುತ್ತೆ. ಎಲ್ಲರೂ ಚಾರ್ಜರನ್ನೇ ಬೈದರು. ಅದರ ಮೇಲೆ 2.5 ಆಂಪಿಯರ್ ಅಂತಿತ್ತು, ಅಷ್ಟು ಸಾಕು. ನನ್ನ ಅನುಮಾನ ತೆಳ್ಳನೆಯ ಉದ್ದ ವೈರಿನ ಮೇಲೆ. ಓಮನ ನಿಯಮ ಹಾಕಿ ನೋಡಿ. ವೈರಿನ ರೋಧ 0.3 ಓಂ ಎಂದಿಟ್ಟುಕೊಳ್ಳೋಣ. ಸುಮ್ಮನಿದ್ದಾಗ 0.4 ಆಂಪಿಯರ್ ಹರಿದರೆ ನಷ್ಟ 0.12 ವೋಲ್ಟ್, ಪೈಗೆ 4.88 ಸಿಗುತ್ತೆ, ತೊಂದರೆಯಿಲ್ಲ. ಕೆಲಸ ಬಿದ್ದು 1.5 ಆಂಪಿಯರ್ ಆದರೆ ನಷ್ಟ 0.45, ಉಳಿಯೋದು 4.55. ಅದಕ್ಕೇ ಕೆಲಸದ ಹೊತ್ತಲ್ಲೇ ಕೈಕೊಡೋದು!

ಚಾರ್ಜರ್ ಅದೇ ಇಟ್ಟು, ಗಿಡ್ಡ ದಪ್ಪ ವೈರು ಹಾಕಿ ಮತ್ತೆ ಆನ್ ಮಾಡಿದೆವು. ಉತ್ತರ 0ಎಕ್ಸ್0, ವೇಗ 1200. ಇದೇ ರೀತಿ 'ಕೆಟ್ಟಿದೆ' ಎಂದು ಚೀಟಿ ಅಂಟಿಸಿದ ಇನ್ನೊಂದು ಪೈ ಸ್ಟೋರ್ ರೂಮಿನಲ್ಲಿದೆ. ಅದನ್ನೂ ಈ ವೈರಿಗೆ ಹಾಕಿ ನೋಡೋವರೆಗೆ ಗುಜರಿಗೆ ಕೊಡಬೇಡಿ ಅಂತ ಮೇಷ್ಟ್ರುಗಳಲ್ಲಿ ಕೇಳಿಕೊಳ್ತೇನೆ.