ಶಾಲಾ ಮಕ್ಕಳ ಊಟ: ಸರ್ಕಾರ ಮತ್ತು ದತ್ತಿ ಪ್ರತಿಷ್ಠಾನಗಳು

1. ಅಕ್ಷಯ ಪಾತ್ರೆ ಫೌಂಡೇಶನ್: 2000, ಬೆಂಗಳೂರು. ಆರಂಭ 5 ಸರ್ಕಾರಿ ಶಾಲೆ, 1,500 ಮಕ್ಕಳು.

2. ಬೇಯಿಸಿದ ಬಿಸಿಯೂಟ ಕಡ್ಡಾಯ: ಸುಪ್ರೀಂ ಕೋರ್ಟ್ ಆದೇಶ, 28 ನವೆಂಬರ್ 2001. ಕೇಂದ್ರ ಯೋಜನೆ 1995ರದು. 2021ರಿಂದ ಹೆಸರು ಪಿಎಂ ಪೋಷಣ್.

3. ಗೊಂದಲ ಬೇಡ (ಹೆಚ್ಚು ಅಂಕ ಕಳೆಯುವುದು ಇಲ್ಲೇ):
- ಅಕ್ಷರ ದಾಸೋಹ = ಕರ್ನಾಟಕ ರಾಜ್ಯ ಸರ್ಕಾರದ ಬಿಸಿಯೂಟ ಯೋಜನೆ
- ಅಕ್ಷಯ ಪಾತ್ರೆ = ಅಡುಗೆ ಮಾಡಿ ಶಾಲೆಗೆ ತಲುಪಿಸುವ ಸಂಸ್ಥೆ
- ಅಕ್ಷರ ಫೌಂಡೇಶನ್ = ಕಲಿಕೆ, ಮುಖ್ಯವಾಗಿ ಗಣಿತ; ಊಟವಲ್ಲ

4. ಮೊಟ್ಟೆ, 2024: ವಾರಕ್ಕೆ 6 ದಿನ. ರಾಜ್ಯ ಸರ್ಕಾರ 2 ದಿನ, ಅಜೀಂ ಪ್ರೇಮ್‌ಜಿ ಫೌಂಡೇಶನ್ 4 ದಿನ. ಫೌಂಡೇಶನ್ ನೆರವು 3 ವರ್ಷಕ್ಕೆ ಸುಮಾರು ₹1,500 ಕೋಟಿ. ಅಂಕಿ ತಪ್ಪದೆ ನೆನಪಿಡಿ.

5. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ; ಮಕ್ಕಳ ಊಟದಂಥ ಕೆಲಸಕ್ಕೂ ಈ ಹಣ ಬಳಸಬಹುದು): ಕಂಪನಿ ಕಾಯ್ದೆ 2013, ಕಲಂ 135. ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದ 2%. ವಹಿವಾಟಿನ 2% ಅಲ್ಲ.